ಕೊನೆಗೆ ಬಾಯಿ ಬಿಡುವವನ ಲೆಕ್ಕ

ಕಮಲಾಪುರದ ರೈತ ಕಲಬುರಗಿಗೆ ತಂದ ತೊಗರಿ ಬಹಿರಂಗ ಸವಾಲಿಗೆ ಬಿತ್ತೆನ್ನಿ. ಕೊನೆಗೆ ಬಾಯಿ ಬಿಡುವ ವ್ಯಾಪಾರಿಗೆ ಉಳಿದವರ ಮನಸ್ಸು ಆಗಲೇ ತಿಳಿದಿರುತ್ತದೆ. ಟೆಂಡರಿನಲ್ಲಾದರೆ ಒಬ್ಬ ಬರೆದ ದರ ಇನ್ನೊಬ್ಬನಿಗೆ ಕಾಣದು; ಈ ಅನುಕೂಲ ಯಾರಿಗೂ ಇಲ್ಲ.

ಪೋಕರ್ ಸವಾಲಿನ ಜಾತಿಯ ಇಸ್ಪೀಟಾಟ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ. ಬಳಿಕ ಎಲ್ಲರಿಗೂ ಸೇರಿದ ಮೂರು ಎಲೆಗಳನ್ನು ನಡುವೆ ಬಿಚ್ಚಿಡುತ್ತಾರೆ, ಅದೇ ಫ್ಲಾಪ್. ಆಮೇಲೆ ಒಂದೊಂದಾಗಿ ಇನ್ನೆರಡು. ಒಂದೇ ಜಾತಿಯ ಐದು ಎಲೆ ಕೂಡಿದರೆ ಫ್ಲಶ್. ಮೊದಲಿನವರೆಲ್ಲ ಎಲೆ ಮುಚ್ಚಿಟ್ಟು ಹಿಂದೆ ಸರಿದರೆ, ತಡವಾಗಿ ಸರದಿ ಬಂದವನು ಸಾಧಾರಣ ಎಲೆಯಲ್ಲೂ ಪಂದ್ಯ ಏರಿಸುತ್ತಾನೆ. ಅದು ಧೈರ್ಯವಲ್ಲ, ಎದುರಿಗೆ ಉಳಿದವರು ಇಬ್ಬರೋ ಮೂವರೋ ಎಂಬ ತಿಳಿವಳಿಕೆ.

ಈಗ ಫ್ಲಾಪಿನ ಮೂರೂ ಎಲೆ ಆಟೀನು ಬಂದವು. ನಿಮ್ಮ ಕೈಯಲ್ಲಿರುವುದು ಎರಡು ಎಕ್ಕ, ಎರಡೂ ಕಪ್ಪು. ಹುಡುಗರು ಹೆದರುವುದು ಇಲ್ಲೇ. ಪಿಯುಸಿಯಲ್ಲಿ ಕಲಿತ ವಿಕಲ್ಪ ತೆಗೆಯಿರಿ: ಕಾಣದ ಎಲೆ 47, ಅವುಗಳಲ್ಲಿ ಆಟೀನು 10. ಎದುರಾಳಿಗೆ ಎರಡು ಎಲೆ ಸಿಗುವ ವಿಧಾನ 1081. ಎರಡೂ ಆಟೀನಾಗುವುದು 45ರಲ್ಲಿ ಮಾತ್ರ. ಅಂದರೆ ಶೇಕಡಾ 4ರಷ್ಟು. ಆದರೆ ಒಂದಾದರೂ ಆಟೀನು ಇರುವ ಸಂಭವ ಶೇಕಡಾ 38! ಅಂಥವನ ಕೈಯಲ್ಲಿ ಒಂದೇ ಆಟೀನಿದ್ದರೂ, ಉಳಿದೆರಡು ಎಲೆಗಳಲ್ಲಿ ಇನ್ನೊಂದು ಬಂದು ಫ್ಲಶ್ ಆಗುವ ಸಂಭವ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಆದ್ದರಿಂದ ಬಲ್ಲವನು ಎಕ್ಕ ಬಿಸಾಡುವುದೂ ಇಲ್ಲ, ಕಣ್ಣು ಮುಚ್ಚಿ ಏರಿಸುವುದೂ ಇಲ್ಲ. ಸಣ್ಣ ಪಂದ್ಯ ಕಟ್ಟಿ ನೋಡುತ್ತಾನೆ; ಎದುರಾಳಿ ತಿರುಗಿ ಏರಿಸಿದರೆ ನಿಲ್ಲುತ್ತಾನೆ. (ಎದುರಾಳಿ ತನ್ನ ಎಲೆಗಳನ್ನು ಆರಿಸಿ ಆಡುವವನಾದರೆ ಈ ಅಂಕಿಗಳು ಬದಲಾಗುತ್ತವೆ. ನಿಜವಾದ ಆಟ ಶುರುವಾಗುವುದು ಅಲ್ಲಿಂದ.)

‘ನೋಡಿ, ಬುದ್ಧಿಯ ಆಟ ಅಂತ ನಾನು ಹೇಳಲಿಲ್ಲವೆ?’ ಎಂದು ಮಗ ತಂದೆಯತ್ತ ತಿರುಗಬಹುದು. ಬುದ್ಧಿ ಇದೆ, ಒಪ್ಪೋಣ. ಆದರೆ ಇನ್ನೊಂದು ಲೆಕ್ಕವೂ ಇದೆ. ಸಮಬಲದ ಇಬ್ಬರು ಪ್ರತಿ ಆಟಕ್ಕೆ ನೂರು ನೂರು ಕಟ್ಟುತ್ತಾರೆ, ಆಡಿಸುವವನು ಶೇಕಡಾ 5 ಹಿಡಿಯುತ್ತಾನೆ ಎನ್ನಿ. ಇಪ್ಪತ್ತು ಆಟಕ್ಕೆ ಇನ್ನೂರು ರೂಪಾಯಿ ಅವನ ಜೇಬಿಗೆ. ಸೋತವನು ಯಾರು? ಇಬ್ಬರೂ. ಈ ಕಡಿತವನ್ನು ಮೀರಿಸುವಷ್ಟು ಬುದ್ಧಿ ಬೇಕು. ಎದುರಾಳಿಗಿಂತ ತುಸು ಜಾಣನಾದರೆ ಸಾಲದು.

ಕಾನೂನಿನ ದಾರಿಯೂ ಅಂಕುಡೊಂಕೇ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಹಣದಾಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು.

ತಂದೆತಾಯಿಗಳು ಇಸ್ಪೀಟು ಕಟ್ಟನ್ನೇ ಬಚ್ಚಿಡಬೇಕಿಲ್ಲ. ರೂಪಾಯಿಯ ಬದಲು ತೊಗರಿ ಕಾಳು ಇಟ್ಟುಕೊಂಡು ಮಕ್ಕಳ ಜೊತೆ ಒಂದು ರವಿವಾರ ಕೂತು ನೋಡಿ. ಕೈಯಲ್ಲಿ ಎರಡೂ ಆಟೀನಿದ್ದಾಗ ಫ್ಲಾಪಿನ ಮೂರೂ ಆಟೀನೇ ಬೀಳುವ ಸಂಭವವನ್ನು ಅವರಿಂದಲೇ ಹಾಕಿಸಿ. ಉತ್ತರ ನೂರರಲ್ಲಿ ಒಂದಕ್ಕಿಂತ ಕಡಿಮೆ ಬರಬೇಕು.