ಹೆಬ್ಬೆರಳು ಕೇಳದ ಗುರು

ಮಣ್ಣಿನ ಮೂರ್ತಿಯನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆ ಕಲಿತ ಏಕಲವ್ಯನ ಕಥೆಯನ್ನು ಅರಿಯದವರಿಲ್ಲ. ತಾನೇ ಕಲಿತ ವಿದ್ಯೆಗೂ ಆತ ಹೆಬ್ಬೆರಳನ್ನು ದಕ್ಷಿಣೆಯಾಗಿ ತೆರಬೇಕಾಯಿತು. ಜಾಲಪುಟ ರಚಿಸುವ ವಿದ್ಯೆ ಈ ವಿಷಯದಲ್ಲಿ ಉದಾರವಾದುದು. ಅದು ಹೆಬ್ಬೆರಳನ್ನು ಬೇಡುವುದಿಲ್ಲ; ಬೇಡುವುದು ತಾಳ್ಮೆಯನ್ನು, ಓದುವವರ ಮೇಲಣ ಆದರವನ್ನು.

ಈ ಔದಾರ್ಯ ಹುಟ್ಟಿನಿಂದಲೇ ಬಂದದ್ದು. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವಜಾಲದ ಕಲ್ಪನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದರ ತಂತ್ರಾಂಶದ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟು ಲೋಕಕ್ಕೆ ಒಪ್ಪಿಸಿತು. ಇಂದಿಗೂ ಕಂಪ್ಯೂಟರಿನಲ್ಲಿ ಒಂದು ಪುಟವನ್ನು ತೆರೆದು ಕಂಟ್ರೋಲ್ ಕೀಲಿಯೊಡನೆ ಯು ಕೀಲಿಯನ್ನು ಒತ್ತಿದರೆ, ಹೆಚ್ಚಿನ ಬ್ರೌಸರುಗಳಲ್ಲಿ ಆ ಪುಟದ ಮೂಲ ಬರಹವೇ ಕಣ್ಣಮುಂದೆ ನಿಲ್ಲುತ್ತದೆ. ಉಣ್ಣಲು ಬಂದವನಿಗೆ ಅಡುಗೆಮನೆಯ ಬಾಗಿಲನ್ನೂ ತೆರೆದಿಟ್ಟಂತೆ! ದೊಡ್ಡ ತಾಣಗಳ ಬರಹವನ್ನು ಯಂತ್ರಗಳು ಕುಗ್ಗಿಸಿಟ್ಟಿರುವುದರಿಂದ ಓದುವುದು ಕಷ್ಟ. ಹೊಸಬರಿಗೆ ಚಿಕ್ಕ ತಾಣಗಳೇ ಒಳ್ಳೆಯ ಪಾಠಶಾಲೆ.

ಕಲಿಯಬೇಕಾದುದು ಮೂರು. ಎಚ್‌ಟಿಎಂಎಲ್ ಪುಟದ ಎಲುಬುಗೂಡು. ಇದು ಶಿರೋನಾಮೆ, ಇದು ಪಟ್ಟಿ, ಇದು ಕೊಂಡಿ ಎಂದು ಟ್ಯಾಗುಗಳ ಮೂಲಕ ಗುರುತಿಸುವುದು ಅದರ ಕೆಲಸ. ಹೋಕೋನ್ ವಿಯುಮ್ ಲೀ 1994ರಲ್ಲಿ ಸೂಚಿಸಿದ ಸಿಎಸ್‌ಎಸ್ ಅದರ ಉಡುಗೆ. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್ ಅದರ ಚಲನೆ. ಹೊಸಬರ ಮೋಹವೆಲ್ಲ ಬಣ್ಣದ ಮೇಲೆ, ಜಾರುವ ಚಿತ್ರಗಳ ಮೇಲೆ. ಆದರೆ ಗೋಡೆಯಿದ್ದರಲ್ಲವೆ ಚಿತ್ತಾರ?

ಮೊದಲ ಅಭ್ಯಾಸಕ್ಕೆ ಒಂದು ನೋಟ್‌ಪ್ಯಾಡು, ಒಂದು ಬ್ರೌಸರು ಸಾಕು, ಖರ್ಚಿಲ್ಲ. ವಸ್ತುವೂ ಮನೆಯಲ್ಲೇ ಉಂಟು. ಅಜ್ಜಿಯ ಹುಳಿಪುಡಿಯನ್ನೇ ತೆಗೆದುಕೊಳ್ಳಬಹುದು. ಹೆಸರು ಶಿರೋನಾಮೆಯಾಯಿತು. ಕೊತ್ತಂಬರಿ ಬೀಜ, ಕಡಲೆಬೇಳೆ, ಮೆಂತ್ಯ, ಒಣಮೆಣಸಿನಕಾಯಿ ಒಂದು ಪಟ್ಟಿಯಾದವು. ಯಾವುದು ಮೊದಲು ಬಂದರೂ ಬಾಧಕವಿಲ್ಲ. ಹುರಿಯುವ ಕ್ರಮ ಮಾತ್ರ ಅಂಕಿ ಹಾಕಿದ ಪಟ್ಟಿಯಾಗಬೇಕು. ಹಿಂದುಮುಂದಾದರೆ ಮೆಂತ್ಯ ಸೀದುಹೋದೀತು. ಎರಡು ಪಟ್ಟಿಗಳಿಗೆ ಎರಡು ಬೇರೆ ಟ್ಯಾಗುಗಳಿರುವುದು ಇದಕ್ಕಾಗಿಯೇ. ಚಿತ್ರವನ್ನು ಹಾಕಿದಾಗ ಅದರಲ್ಲೇನಿದೆಯೆಂಬುದನ್ನು ಮಾತಿನಲ್ಲೂ ಬರೆಯಬೇಕು. ಕಣ್ಣು ಕಾಣದವರಿಗೆ ಪುಟವನ್ನು ಓದಿಹೇಳುವ ತಂತ್ರಾಂಶ ಆ ಮಾತನ್ನೇ ನುಡಿಯುತ್ತದೆ.

ತಪ್ಪುಗಳು ಆಗಿಯೇ ಆಗುತ್ತವೆ. ಬ್ರೌಸರು ಗದರುವ ಮೇಷ್ಟರಲ್ಲ, ಅದೇ ಕಷ್ಟ. ಸಿಎಸ್‌ಎಸ್‌ನಲ್ಲಿ ಎರಡು ಸೂಚನೆಗಳ ನಡುವಣ ಅರ್ಧವಿರಾಮ ಚಿಹ್ನೆಯೊಂದು ಬಿಟ್ಟುಹೋದರೆ ಆ ಸೂಚನೆಯೂ ಅದರ ಮುಂದಿನದೂ ಸದ್ದಿಲ್ಲದೆ ನಿಷ್ಫಲವಾಗುತ್ತವೆ. ದೋಷ ಎಲ್ಲಿದೆಯೆಂದು ಯಾರೂ ಹೇಳುವುದಿಲ್ಲ. ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇಂತಹ ದೋಷಗಳನ್ನು ಎತ್ತಿತೋರಿಸುವ ಪರೀಕ್ಷಕವನ್ನು ಉಚಿತವಾಗಿ ಒದಗಿಸಿದೆ. ಒಂದೊಂದೇ ಸೂಚನೆ ಬರೆದು, ಒಡನೆಯೇ ಫಲವನ್ನು ನೋಡುತ್ತ ಹೋಗುವುದು ಜಾಣತನ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಕನ್ನಡದಲ್ಲಿ ಪುಟ ರಚಿಸುವವರಿಗೆ ಇನ್ನೊಂದು ಹೊಣೆಯುಂಟು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಆದರೂ ಬಹುಕಾಲ ಕನ್ನಡದ ಅನೇಕ ತಾಣಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ತೊಡಿಸುವ ಫಾಂಟುಗಳನ್ನೇ ನೆಚ್ಚಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ಪುಟ ಅರ್ಥವಿಲ್ಲದ ಅಕ್ಷರಗಳ ರಾಶಿ. ಕನ್ನಡದಲ್ಲಿ ಹುಡುಕಿದರೆ ದೊರೆಯದು, ಓದಿದರೆ ತಿಳಿಯದು. ಎಷ್ಟೋ ಜನರ ಎಷ್ಟೋ ದಿನದ ಶ್ರಮ ಹೀಗೆ ಇದ್ದೂ ಇಲ್ಲದಂತಾಯಿತು. ಆದುದರಿಂದ ಯೂನಿಕೋಡಿನಲ್ಲಿಯೇ ಬರೆಯಬೇಕು. ಕಡತವನ್ನು ಯುಟಿಎಫ್-8 ಕ್ರಮದಲ್ಲಿ ಉಳಿಸಿ, ಅದನ್ನೂ ಭಾಷೆ ಕನ್ನಡವೆಂಬುದನ್ನೂ ಪುಟದ ಆರಂಭದಲ್ಲಿಯೇ ಸಾರಬೇಕು. ಸಾಲುಗಳ ನಡುವೆಯೂ ಕೈಬಿಚ್ಚಿ ಜಾಗ ಕೊಡಬೇಕು. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ‘ರಾಷ್ಟ್ರ’ದ ಒತ್ತಕ್ಷರಗಳು ಕೆಳಗಿನ ಸಾಲಿನ ತಲಕಟ್ಟಿಗೆ ತಾಗುತ್ತವೆ.

ಪುಟವನ್ನು ಯಂತ್ರವೇ ಬರೆದುಕೊಡುವ ಈ ಕಾಲದಲ್ಲಿ ಕಲಿಯುವ ಗೋಜೇಕೆ ಎನ್ನುವವರುಂಟು. ಬರೆದುಕೊಡುತ್ತದೆ, ನಿಜ. ಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳಲು ಬಲ್ಲವರೊಬ್ಬರು ಬೇಡವೆ? ಅಂಗಡಿಯ ಹುಳಿಪುಡಿಯನ್ನು ಅಳೆಯಬೇಕಾದರೂ ಮನೆಯ ಪುಡಿಯ ರುಚಿ ನಾಲಗೆಗೆ ಗೊತ್ತಿರಬೇಕು.

ಪುಟ ಮುಗಿದ ಮೇಲೆ ಕೊನೆಯ ಪರೀಕ್ಷೆಯೊಂದಿದೆ. ಮನೆಯ ಹಿರಿಯರೊಬ್ಬರ ಕೈಗೆ ಮೊಬೈಲು ಕೊಟ್ಟು, ಏನನ್ನೂ ಹೇಳದೆ ಪಕ್ಕದಲ್ಲಿ ಕುಳಿತು ನೋಡಬೇಕು. ಅವರು ತಡವರಿಸಿದ ಕಡೆಯೆಲ್ಲ ತಪ್ಪು ಪುಟದ್ದು, ಅವರದಲ್ಲ. ಇಷ್ಟನ್ನು ಒಪ್ಪಿಕೊಂಡವರಿಗೆ ಈ ವಿದ್ಯೆಯ ಅರ್ಧಭಾಗ ಬಂದಂತೆಯೇ ಸರಿ.