ಬೆನ್ನಿಗೆ ಕೈ ಸಾಕು, ಕಥೆ ಬೇಡ

ಮೊಬೈಲಿನಲ್ಲಿ ಈ ವಿಡಿಯೊ ನೋಡದವರು ಈಗ ಕಡಿಮೆ. ಮೇಜಿನ ಮೇಲೆ ಅಂಗಾತ ಮಲಗಿದ ಒಬ್ಬ, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅತ್ತಿತ್ತ ಆಡಿಸುವ ಚಿಕಿತ್ಸಕ, ಮಾತಿನ ನಡುವೆಯೇ ಇದ್ದಕ್ಕಿದ್ದಂತೆ ಒಂದು ತಿರುವು, ಕಾಲರಿಗೆ ಸಿಕ್ಕಿಸಿದ ಮೈಕಿನಲ್ಲಿ ದೊಡ್ಡದಾಗಿ ಕೇಳುವ ‘ಲಟಲಟ’ ಸದ್ದು, ಮರುಕ್ಷಣವೇ ಮಲಗಿದವನ ಮುಖದಲ್ಲಿ ನಗು. ಇದು ಕೈರೋಪ್ರಾಕ್ಟಿಕ್. ಬೆಂಗಳೂರಿನಲ್ಲಿ ಇದರ ಬೋರ್ಡುಗಳು ಕಾಣಿಸತೊಡಗಿವೆ. ಸದ್ದು ಮಾತ್ರ ನಮಗೆ ಹೊಸದಲ್ಲ. ಮಗುವಿಗೆ ದೃಷ್ಟಿ ನಿವಾಳಿಸಿ, ಬೆರಳುಗಳನ್ನು ಮಡಚಿ ತನ್ನ ಕಪಾಲಕ್ಕೆ ಒತ್ತಿ ಲಟಿಕೆ ಮುರಿಯುವ ಅಜ್ಜಿಯೂ ಸದ್ದು ಜೋರಾದಷ್ಟೂ ‘ಎಷ್ಟು ದೃಷ್ಟಿಯಾಗಿತ್ತು ನೋಡು’ ಎನ್ನುತ್ತಾಳೆ. ಅಜ್ಜಿ ಅದಕ್ಕೆ ದುಡ್ಡು ಕೇಳುವುದಿಲ್ಲ, ಹನ್ನೆರಡು ಸಿಟ್ಟಿಂಗಿನ ಪ್ಯಾಕೇಜನ್ನೂ ಮಾರುವುದಿಲ್ಲ. ಬೆನ್ನುನೋವಿಗೆ ಕೈಚಿಕಿತ್ಸೆಯೇ ಬೇಡ ಎನ್ನುವುದು ಈ ಬರಹದ ವಾದವಲ್ಲ. ಕೈಯಿಂದ ಸ್ವಲ್ಪ ಉಪಯೋಗವಿದೆ. ಆದರೆ ಕೈಯ ಜೊತೆಗೆ ಒಂದು ಕಥೆಯನ್ನೂ ಕಟ್ಟಿ ಮಾರಲಾಗುತ್ತಿದೆ, ಬೆಲೆಯ ಬಹುಪಾಲು ಆ ಕಥೆಗೇ ಹೋಗುತ್ತಿದೆ.

ಕಥೆ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ. ಅಂಗೈಯ ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿಮಾಡುತ್ತೇನೆನ್ನುತ್ತಿದ್ದ ಡೇನಿಯಲ್ ಡೇವಿಡ್ ಪಾಮರ್, ಅದೇ ಕಟ್ಟಡದಲ್ಲಿ ಸ್ವಚ್ಛತೆಯ ಕೆಲಸ ಮಾಡುತ್ತಿದ್ದ ಹಾರ್ವೆ ಲಿಲ್ಲಾರ್ಡ್ ಎಂಬಾತನ ಬೆನ್ನಿನಲ್ಲಿ ಉಬ್ಬಿದ್ದ ಒಂದು ಮಣಿಯನ್ನು ಒತ್ತಿ ಕೂರಿಸಿದ. ಹದಿನೇಳು ವರ್ಷಗಳಿಂದ ಕೇಳಿಸದಿದ್ದ ಕಿವಿ ಕೇಳಿಸಿತು. ಹೀಗೆಂದವನು ಪಾಮರನೇ. ಕಿವಿಯ ನರ ಮಿದುಳಿನಿಂದ ತಲೆಬುರುಡೆಯೊಳಗೇ ಹಾದು ಕಿವಿಗೆ ಸೇರುತ್ತದೆ, ಬೆನ್ನಿನ ಕಡೆಗೆ ಇಳಿಯುವುದೇ ಇಲ್ಲ ಎಂಬುದು ಆ ಕಾಲದ ವೈದ್ಯರಿಗೂ ಗೊತ್ತಿತ್ತು. ಪಾಮರ್ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಮೈಯಲ್ಲಿ ಹರಿಯುವ ಸಹಜ ಚೈತನ್ಯವೊಂದಿದೆ, ಬೆನ್ನುಮೂಳೆಯ ಮಣಿಗಳು ಜರುಗಿದಾಗ ಅದಕ್ಕೆ ತಡೆಯಾಗುತ್ತದೆ, ನೂರರಲ್ಲಿ ತೊಂಬತ್ತೈದು ಕಾಯಿಲೆಗಳಿಗೆ ಅದೇ ಮೂಲ ಎಂದು ಆತ 1910ರ ಪುಸ್ತಕದಲ್ಲಿ ಬರೆದ. ಜರುಗಿದ ಈ ಮಣಿಗೆ ಅವರ ಪರಿಭಾಷೆಯಲ್ಲಿ ‘ಸಬ್ಲಕ್ಸೇಷನ್’ ಎಂದು ಹೆಸರು. ಅದು ರೋಗಕ್ಕೆ ಕಾರಣ ಎನ್ನಲು ಯಾವ ಸಂಶೋಧನೆಯ ಆಧಾರವೂ ಇಲ್ಲವೆಂದು 2010ರಲ್ಲಿ ಹೇಳಿದ್ದು ಬ್ರಿಟನ್ನಿನ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್. ಅಂದರೆ ಆ ವೃತ್ತಿಯನ್ನು ನಿಯಂತ್ರಿಸುವ ಮಂಡಳಿಯೇ ಅದರ ಮೂಲಸಿದ್ಧಾಂತವನ್ನು ಚರಿತ್ರೆಯ ಕಪಾಟಿಗೆ ಸೇರಿಸಿತು.

ಹಾಗಾದರೆ ಆ ‘ಲಟ್’ ಸದ್ದು ಏನು? ಮೂಳೆ ತನ್ನ ಜಾಗಕ್ಕೆ ಕೂತದ್ದಂತೂ ಅಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಎಂಆರ್‌ಐ ಯಂತ್ರದೊಳಗೆ ಬೆರಳನ್ನು ಎಳೆದು ನೋಡಿದರು. ಕೀಲಿನ ಎರಡು ಮೈಗಳು ಫಕ್ಕನೆ ದೂರವಾದಾಗ ನಡುವಿನ ದ್ರವದಲ್ಲಿ ಅನಿಲದ ಒಂದು ಪೊಳ್ಳು ಮೂಡುತ್ತದೆ, ಸದ್ದು ಬರುವುದು ಆ ಗಳಿಗೆಯಲ್ಲಿ. ಒಮ್ಮೆ ಲಟಿಕೆ ಮುರಿದ ಬೆರಳು ಕೂಡಲೇ ಮತ್ತೆ ಸದ್ದು ಮಾಡದಿರುವುದೂ ಇದರಿಂದಲೇ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯರು ಐವತ್ತಕ್ಕೂ ಹೆಚ್ಚು ವರ್ಷ ಎಡಗೈಯ ಲಟಿಕೆಯನ್ನಷ್ಟೇ ದಿನಾ ಮುರಿದು, ಬಲಗೈಯನ್ನು ಹಾಗೇ ಬಿಟ್ಟು, ಕೊನೆಗೆ ಎರಡು ಕೈಗೂ ವ್ಯತ್ಯಾಸವಿಲ್ಲವೆಂದು ಬರೆದು 2009ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಗೆದ್ದರು. ಸದ್ದಿನಿಂದ ಕೇಡಿಲ್ಲ. ಹಾಗೆಂದು ಅದು ಗುಣವಾದ ಗುರುತೂ ಅಲ್ಲ.

ಇನ್ನು ಕೈಯ ಲೆಕ್ಕ. ಇಲ್ಲಿ ಕೈರೋಪ್ರಾಕ್ಟಿಕ್ ವಿರೋಧಿಗಳು ಕೂಡ ಪ್ರಾಮಾಣಿಕರಾಗಿರಬೇಕು. ದೀರ್ಘಕಾಲದ ಸೊಂಟನೋವಿನ ಮೇಲೆ ನಡೆದ 47 ಪ್ರಯೋಗಗಳನ್ನು, ಒಂಬತ್ತು ಸಾವಿರ ಮೀರಿದ ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬೆನ್ನುಮೂಳೆಯನ್ನು ಹೀಗೆ ಒತ್ತಿ ತಿರುಗಿಸುವುದರಿಂದ ವ್ಯಾಯಾಮ ಮೊದಲಾದ ಶಿಫಾರಸಾದ ಚಿಕಿತ್ಸೆಗಳಿಂದ ಆಗುವಷ್ಟೇ ಆರಾಮ ಆಗುತ್ತದೆ ಎಂಬುದು ಅದರ ಸಾರ. ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಸೊಂಟನೋವಿನ ಮಾರ್ಗಸೂಚಿಯಲ್ಲೂ ತಿಳಿವಳಿಕೆ, ವ್ಯಾಯಾಮ, ಮಸಾಜುಗಳ ಪಕ್ಕದಲ್ಲಿ ಇದಕ್ಕೊಂದು ಜಾಗವಿದೆ. ಆದರೆ ಈ ಒಪ್ಪಿಗೆ ಬೆನ್ನಿನ ಗಡಿ ದಾಟುವುದಿಲ್ಲ. ಮಕ್ಕಳ ಅಸ್ತಮಾಕ್ಕೆ ಇದು ಆಗುತ್ತದೆಯೇ ಎಂದು ಕೆನಡಾದಲ್ಲಿ ಪರೀಕ್ಷೆ ನಡೆದು, ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ನಿಜವಾದ ಚಿಕಿತ್ಸೆ, ಇನ್ನು ಕೆಲವರಿಗೆ ಅದರ ನಟನೆ. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಸರಿಸಮವಾಗಿ. ನಟನೆಯೂ ಅಷ್ಟೇ ಫಲ ಕೊಟ್ಟ ಮೇಲೆ, ಮಣಿ ಸರಿಪಡಿಸಿದ್ದರಿಂದ ಉಸಿರು ಸಲೀಸಾಯಿತು ಎನ್ನುವ ಮಾತಿಗೆ ಏನು ಉಳಿಯಿತು? ಶಿಶುಗಳ ಹೊಟ್ಟೆನೋವಿಗೆ, ಅಸ್ತಮಾಕ್ಕೆ ಇದು ಮದ್ದೆನ್ನಲು ಆಧಾರವಿಲ್ಲ ಎಂದು 2008ರಲ್ಲಿ ಬರೆದ ವಿಜ್ಞಾನ ಲೇಖಕ ಸೈಮನ್ ಸಿಂಗ್ ಮೇಲೆ ಬ್ರಿಟಿಷ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ ಮಾನನಷ್ಟ ಮೊಕದ್ದಮೆ ಹೂಡಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಸಿಂಗ್ ಕಡೆ ವಾಲಿದಾಗ ಆ ಸಂಘ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು.

‘ಪ್ರಯೋಗ ಗೀಯೋಗ ಬಿಡಿ, ನನಗೆ ವಾಸಿಯಾಯಿತಲ್ಲ?’ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದೇ. ಇದಕ್ಕೆ ಉತ್ತರ ಕೈರೋಪ್ರಾಕ್ಟಿಕ್‌ನಲ್ಲಿಲ್ಲ, ಬೆನ್ನುನೋವಿನ ಸ್ವಭಾವದಲ್ಲಿದೆ. ಬಿಂದಿಗೆ ಎತ್ತಲು ಬಗ್ಗಿದಾಗ, ಬೈಕ್ ಹೊರಳಿಸುವಾಗ ಹಿಡಿದುಕೊಳ್ಳುವ ಸೊಂಟ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಸಡಿಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಹೊಸ ಸೊಂಟನೋವಿನ ಸುಮಾರು 1,650 ಜನರಲ್ಲಿ ಕೆಲವರಿಗೆ ಪ್ಯಾರಾಸಿಟಮಾಲ್, ಕೆಲವರಿಗೆ ಬರೀ ಹಿಟ್ಟಿನ ಮಾತ್ರೆ ಕೊಟ್ಟು ನೋಡಿದರು. ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮದ್ದು ನುಂಗಿದವರೂ ಹಿಟ್ಟು ನುಂಗಿದವರೂ ಸರಿಸುಮಾರು ಹದಿನೇಳು ದಿನಕ್ಕೆ ಚೇತರಿಸಿಕೊಂಡಿದ್ದರು. ನೋವು ತುತ್ತತುದಿಗೆ ಏರಿದಾಗಲೇ ನಾವು ಯಾರ ಬಳಿಗಾದರೂ ಓಡುವುದು, ಅಲ್ಲಿಂದ ಮುಂದೆ ಅದು ಇಳಿಯುವುದು ಸಹಜ. ಇಳಿಯುವ ಹೊತ್ತಿಗೆ ಬೆನ್ನ ಮೇಲೆ ಯಾರ ಕೈ ಇತ್ತೋ ಕೀರ್ತಿ ಅವರಿಗೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡು ಉಳುಕು ಬಿಡಿಸಿಕೊಳ್ಳುವ ನಮ್ಮ ಹಳ್ಳಿಗಳ ಪದ್ಧತಿ ತಲೆಮಾರುಗಟ್ಟಲೆ ಬಾಳಿದ್ದೂ ಹೀಗೆಯೇ.

ಆಸ್ಪತ್ರೆಯವರು ಮಾತ್ರ ಸಾಚಾ ಏನು ಎಂದು ಕೇಳಿದರೆ, ಅಲ್ಲ ಎನ್ನಬೇಕಾಗುತ್ತದೆ. ಮೊದಲ ಭೇಟಿಯಲ್ಲೇ ಎಂಆರ್‌ಐ ಬರೆದು, ಅದರ ವರದಿ ಹಿಡಿದು ‘ಗ್ಯಾಪ್ ಬಂದಿದೆ’, ‘ಡಿಸ್ಕ್ ಸವೆದಿದೆ’ ಎಂದು ಹೆದರಿಸುವುದು ಕೂಡ ಕಥೆ ಮಾರುವುದೇ. ಯಾವ ನೋವೂ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳನ್ನು ಪರಿಶೀಲಿಸಿದ 2015ರ ಅಧ್ಯಯನದಲ್ಲಿ ಇಪ್ಪತ್ತರ ವಯಸ್ಸಿನವರ ಪೈಕಿಯೇ ನೂರಕ್ಕೆ 37 ಜನರಲ್ಲಿ ಡಿಸ್ಕ್ ಸವೆತ ಕಂಡಿತ್ತು, ಎಂಬತ್ತರವರಲ್ಲಿ 96 ಜನರಲ್ಲಿ. ತಲೆಗೂದಲು ನರೆಯುವಂತೆ ಡಿಸ್ಕೂ ನರೆಯುತ್ತದೆ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ತಂದುಕೊಂಡವರು ಕಡಿಮೆಯಿಲ್ಲ. ವೈದ್ಯಲೋಕ ಪ್ರತಿಸ್ಪರ್ಧಿಯನ್ನು ತುಳಿಯಲು ಹೊರಟದ್ದೂ ಸುಳ್ಳಲ್ಲ: ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಕೈರೋಪ್ರಾಕ್ಟಿಕ್‌ಗೆ ಬಹಿಷ್ಕಾರ ಹಾಕಿ ಪೈಪೋಟಿಯ ಕಾನೂನು ಮುರಿದಿದೆಯೆಂದು ಅಲ್ಲಿನ ನ್ಯಾಯಾಲಯ 1987ರಲ್ಲಿ ತೀರ್ಪು ಕೊಟ್ಟಿತು. ಇವೆಲ್ಲ ವೈದ್ಯರ ಮೇಲಿನ ದೂರುಗಳಾಗಿ ನಿಲ್ಲುತ್ತವೆ, ನಿಲ್ಲಲೇಬೇಕು. ಆದರೆ ಎದುರಾಳಿ ತಪ್ಪಿತಸ್ಥನಾದ ಮಾತ್ರಕ್ಕೆ ಜರುಗಿದ ಮಣಿಯ ಸಿದ್ಧಾಂತ ನಿಜವಾಗುವುದಿಲ್ಲ.

ಇದೆಲ್ಲಕ್ಕಿಂತ ನಾಟುವ ಮಾತು ಒಂದಿದೆ. ಕೈರೋಪ್ರಾಕ್ಟಿಕ್ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿ, ನೋವಿನ ಚರಿತ್ರೆ ಕೇಳಿ, ನೊಂದ ಜಾಗವನ್ನು ಮುಟ್ಟಿ ನೋಡುತ್ತಾರೆ. ನಮ್ಮ ಹೊರರೋಗಿ ವಿಭಾಗದಲ್ಲಿ ಏನಾಗುತ್ತದೆ? ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯವನ್ನು ದೇಶದೇಶಗಳಲ್ಲಿ ಲೆಕ್ಕ ಹಾಕಿದ 2017ರ ಪರಿಶೀಲನೆಯಲ್ಲಿ ಭಾರತದ ಪಾಲು ಎರಡು ನಿಮಿಷದ ಆಸುಪಾಸು. ಎರಡು ನಿಮಿಷದಲ್ಲಿ ಬೆನ್ನು ಮುಟ್ಟಲಾಗದು, ಚೀಟಿ ಬರೆಯಬಹುದು ಅಷ್ಟೆ. ಜನ ಹೋಗುತ್ತಿರುವುದು ಮೌಢ್ಯದಿಂದಲ್ಲ, ಕೇಳುವ ಕಿವಿ ಮತ್ತು ಮುಟ್ಟುವ ಕೈ ಸಿಗುತ್ತದೆಂದು. ಈ ಕೊರತೆಯನ್ನು ತುಂಬಬೇಕಾದದ್ದು ಫಿಸಿಯೋಥೆರಪಿ. ನಮ್ಮ ತಾಲ್ಲೂಕು ಆಸ್ಪತ್ರೆಗಳು ಅದನ್ನು ಇನ್ನೂ ಮೂಲೆಯ ಕೋಣೆಯ ವಿದ್ಯುತ್ ಶಾಖದ ಯಂತ್ರ ಎಂಬಂತೆ ನೋಡುತ್ತಿವೆ.

‘ಸಹಜ ಚಿಕಿತ್ಸೆ ತಾನೇ, ಉಪಯೋಗವಿಲ್ಲದಿದ್ದರೂ ಅಪಾಯವಿಲ್ಲ’ ಎನ್ನುವವರಿಗೆ ಕತ್ತಿನ ರಚನೆಯನ್ನು ತೋರಿಸಬೇಕು. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಧಮನಿಗಳು ಕತ್ತಿನ ಮಣಿಗಳ ಬದಿಯ ರಂಧ್ರಗಳಲ್ಲೇ ನೂಲಿನಂತೆ ಪೋಣಿಸಿಕೊಂಡು ಮೇಲೇರಿ, ಅತಿ ಮೇಲಿನ ಮಣಿಯ ಬಳಿ ಚೂಪಾಗಿ ಬಾಗುತ್ತವೆ. ಫಕ್ಕನೆ ತಿರುವಿದಾಗ ಧಮನಿಯ ಒಳಪದರ ಸೀಳಿ, ರಕ್ತ ಹೆಪ್ಪುಗಟ್ಟಿ, ಲಕ್ವ ಹೊಡೆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಧಮನಿ ಮೊದಲೇ ಸೀಳಿ ಕತ್ತುನೋವು ಬಂದವರೇ ಚಿಕಿತ್ಸೆಗೆ ಹೋಗಿರಬಹುದು ಎಂದು ಕೆನಡಾದ 2008ರ ಅಧ್ಯಯನವೊಂದು ವಾದಿಸಿದೆ, ಇರಬಹುದು. ಹಾಗಿದ್ದರೆ ಆಗಲೇ ಸೀಳಿರುವ ಧಮನಿಯ ಮೇಲೆ ಕತ್ತು ತಿರುವುವುದು ಇನ್ನೂ ಕೆಟ್ಟದ್ದಲ್ಲವೇ? ಅಪಾಯ ಅಪರೂಪ, ನಿಜ. ಆದರೆ ಕ್ಷೌರ ಮುಗಿಸಿ ಕತ್ತು ಲಟಲಟ ಅನ್ನಿಸಿಕೊಳ್ಳುವ ಅಭ್ಯಾಸವನ್ನು ಸಲೂನಿನಲ್ಲೇ ಬಿಟ್ಟುಬಿಡಲು ಅಷ್ಟು ಸಾಕು. ನಮ್ಮ ದೇಶಕ್ಕೆ ವಿಶೇಷವಾದ ಇನ್ನೊಂದು ಭಯವಿದೆ, ಬೆನ್ನುಮೂಳೆಯ ಕ್ಷಯ. ಬೆನ್ನುನೋವು, ಸಂಜೆಯ ಸಣ್ಣ ಜ್ವರ, ಇಳಿಯುವ ತೂಕ. ಒಳಗೆ ಮಣಿ ಟೊಳ್ಳಾಗಿರುತ್ತದೆ. ಅದರ ಮೇಲೆ, ಅಥವಾ ಮೂಳೆ ಸವೆದ ಅರವತ್ತರ ಹೆಂಗಸಿನ ಬೆನ್ನಿನ ಮೇಲೆ, ಮೈಭಾರ ಹಾಕಿ ಒತ್ತಿದರೆ ಏನಾದೀತು! ‘ಸಹಜ’ ಎಂಬ ಪದಕ್ಕೆ ಮರುಳಾಗುವವರು ಅಮೃತಬಳ್ಳಿಯನ್ನೂ ನೆನೆಯಬಹುದು. ಕೋವಿಡ್ ಕಾಲದಲ್ಲಿ ಅದರ ಕಷಾಯ, ಗುಳಿಗೆಗಳನ್ನು ಸೇವಿಸಿ ಯಕೃತ್ತಿಗೆ ಪೆಟ್ಟಾದ 43 ಜನರ ವಿವರವನ್ನು ದೇಶದ 13 ಕೇಂದ್ರಗಳ ವೈದ್ಯರು ಪ್ರಕಟಿಸಿದರು. ಆಯುಷ್ ಸಚಿವಾಲಯ ಇಂಥ ವರದಿಗಳನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು.

ಅಂದಮಾತ್ರಕ್ಕೆ ಸಹಜವಾದದ್ದೆಲ್ಲ ಸುಳ್ಳಲ್ಲ. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಶಾಖ ಕೊಡುವುದು ನಮ್ಮ ಮನೆಗಳ ಹಳೆಯ ರೂಢಿ. ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜುಗಳನ್ನು ನೋಡಿರೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೇಳಿತು. ಯೋಗದಿಂದಲೂ ಲಾಭವಿದೆ, ಆದರೆ ಮೈ ಚಾಚುವ ಸಾದಾ ವ್ಯಾಯಾಮದಿಂದಲೂ ಅಷ್ಟೇ ಲಾಭವೆಂದು 2011ರ ಅಮೆರಿಕದ ಪ್ರಯೋಗವೊಂದು ತೋರಿಸಿದೆ. ಯೋಗದ ಅಭಿಮಾನಿಗಳಿಗೆ ಇದು ಕಹಿ, ಚಾಪೆ ಹಾಸಲು ಸೋಮಾರಿತನವಿದ್ದವರಿಗೆ ಸಿಹಿ. ಎಲ್ಲಕ್ಕಿಂತ ಅಗ್ಗದ ಮದ್ದಿನ ವಿಷಯ ಬಂದದ್ದು 2024ರ ಲ್ಯಾನ್ಸೆಟ್‌ನಲ್ಲಿ. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಆಸ್ಟ್ರೇಲಿಯನ್ನರಲ್ಲಿ ಅರ್ಧ ಜನರಿಗೆ ಫಿಸಿಯೋಥೆರಪಿಸ್ಟರು ನಡೆಯುವ ಅಭ್ಯಾಸ ಹಿಡಿಸಿದರು, ನಿಧಾನಕ್ಕೆ ಏರಿಸುತ್ತ, ವಾರಕ್ಕೆ ಐದು ದಿನ ಅರ್ಧ ಗಂಟೆಯ ಗುರಿಯತ್ತ. ಅಭ್ಯಾಸ ಹಿಡಿಸದವರಿಗೆ ನೋವು ಮರಳಿದ್ದು ಸರಾಸರಿ 112 ದಿನಕ್ಕೆ, ನಡೆದವರಿಗೆ 208 ದಿನಕ್ಕೆ. ಈ ಮದ್ದಿಗೆ ರೀಲ್ಸ್ ಇಲ್ಲ, ಮೈಕಿಗೆ ಸಿಗುವ ಸದ್ದೂ ಇಲ್ಲ.

ಉಳಿದದ್ದು ಸರ್ಕಾರದ ಕೆಲಸ. ಬ್ರಿಟನ್ 1994ರಲ್ಲೇ ಕೈರೋಪ್ರಾಕ್ಟಿಕ್‌ಗೆ ಕಾಯಿದೆ ಮಾಡಿ, ನೋಂದಣಿಯಿಲ್ಲದವರು ಆ ಹೆಸರಿಟ್ಟುಕೊಳ್ಳದಂತೆ ತಡೆಯಿತು. ಭಾರತದ 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯಿದೆಯ ಪಟ್ಟಿಯಲ್ಲಿ ಫಿಸಿಯೋಥೆರಪಿ ಇದೆ, ಕೈರೋಪ್ರಾಕ್ಟಿಕ್ ಇಲ್ಲ. ಆಯುಷ್ ಪದ್ಧತಿಗಳಲ್ಲೂ ಅದು ಸೇರಿಲ್ಲ. ಉಜಿರೆಯಂಥ ಕಡೆ ಪ್ರಕೃತಿ ಚಿಕಿತ್ಸೆ ಕಲಿಯುವವರು ಪದವಿಗೆ ಐದೂವರೆ ವರ್ಷ ಕಳೆಯಬೇಕು. ವಾರಾಂತ್ಯದ ಶಿಬಿರದಲ್ಲಿ ಕತ್ತು ತಿರುವಲು ಕಲಿತವನನ್ನು ಕೇಳುವವರಿಲ್ಲ. ರಾಜ್ಯದ ಆರೋಗ್ಯ ಇಲಾಖೆ ಈ ಬೋರ್ಡುಗಳ ಕೆಳಗೆ ಯಾರು ಕುಳಿತಿದ್ದಾರೆಂದು ಒಮ್ಮೆಯಾದರೂ ಎಣಿಸಲಿ. ಅಲ್ಲಿಯವರೆಗೆ ವಿಚಾರಣೆ ಓದುಗರದೇ. ಕಾಲು ಜೋಮುಗಟ್ಟಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅಲ್ಲಿಗೆ ಹೋಗಲೇಬೇಡಿ, ಅದೇ ರಾತ್ರಿ ದೊಡ್ಡಾಸ್ಪತ್ರೆಗೆ ಹೋಗಿ. ಬರೀ ಸೊಂಟನೋವಾದರೆ, ಎಲ್ಲಿ ಓದಿದಿರಿ ಎಂದು ಕೇಳಿ, ಕತ್ತಿಗೆ ಕೈ ಹಾಕಬೇಡಿ ಎನ್ನಿ, ಎಷ್ಟು ಸಲ ಬರಬೇಕು ಎಂದು ವಿಚಾರಿಸಿ. ‘ಜೀವನಪೂರ್ತಿ, ತಿಂಗಳಿಗೊಮ್ಮೆ’ ಎಂಬ ಉತ್ತರ ಬಂದರೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದೇ ಬನ್ನಿ.