ಕೋಟೆಯ ಕೆಳಗಿನ ಊರಿಗೂ ಒಂದು ಮ್ಯೂಸಿಯಂ ಬೇಕು

ಮಡಿಕೇರಿಯ ‘ಸನ್ನಿಸೈಡ್’ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಕುಟುಂಬದ ಮನೆ. 2021ರ ಫೆಬ್ರುವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. 1948ರ ನವೆಂಬರ್‌ನಲ್ಲಿ 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಸೇನಾನಿಗೆ ಸಲ್ಲಲೇಬೇಕಾದ ಗೌರವ ಅದು. ಆದರೆ ಯುದ್ಧದ ನೆನಪೆಂದರೆ ಸೇನಾನಿ ಮತ್ತು ಆಯುಧದ ನೆನಪು ಮಾತ್ರವೇ? ದಂಡು ಹಾದುಹೋದ ಊರಿನಲ್ಲಿ ಆ ವರ್ಷ ಜನ ಏನು ಉಂಡರು, ದನಗಳನ್ನು ಎಲ್ಲಿ ಬಚ್ಚಿಟ್ಟರು, ಬಿತ್ತನೆ ಆಯಿತೇ ಎಂಬುದನ್ನು ಹೇಳುವ ಜಾಗ ನಮ್ಮಲ್ಲಿ ಬಹಳ ಕಡಿಮೆ. ಅಂಥದ್ದೊಂದು ಸಣ್ಣ ಮ್ಯೂಸಿಯಂ ಕೋಲಾರದ ಬೆಟ್ಟಗಳ ನಡುವೆ ಆಗಬೇಕು, ವೇಮಗಲ್ ಹೋಬಳಿ ಅದಕ್ಕೆ ತಕ್ಕ ಜಾಗ ಎಂಬುದು ನನ್ನ ವಾದ.

ಈ ಸೀಮೆಯಷ್ಟು ಸಲ ದಂಡಿನ ದಾರಿಗೆ ಬಿದ್ದ ನೆಲ ಅಪರೂಪ. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರದಲ್ಲಿ. 1768ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೋಲಾರವನ್ನು ಹಿಡಿಯಿತು. ಅದೇ ವರ್ಷ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರನ ಸೇನೆಗೂ ಕಂಪನಿಯ ಕರ್ನಲ್ ವುಡ್‌ನ ಪಡೆಗೂ ದೊಡ್ಡ ಕಾಳಗ ನಡೆಯಿತು. 1791ರಲ್ಲಿ ಹೈದರನ ಮಗ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಘಟ್ಟ ಹತ್ತಿ ಬೆಂಗಳೂರಿಗೆ ಹೋದದ್ದು ಕೋಲಾರದ ಮೇಲೆಯೇ. ಅಕ್ಟೋಬರ್ 19ರಂದು ನಂದಿದುರ್ಗ ಬಿತ್ತು. ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಊರಿನ ಕಷ್ಟ ಶುರುವಾಗುವುದೇ ಇಲ್ಲಿಂದ. ಆ ಯುದ್ಧಗಳು ನಡೆದದ್ದು ಎತ್ತುಗಳ ಹೆಗಲ ಮೇಲೆ. ಫಿರಂಗಿ ಎಳೆಯಲು ಎತ್ತು, ಧಾನ್ಯ ಹೊರಲು ಬಂಜಾರರ ಎತ್ತಿನ ತಂಡಗಳು. ಎತ್ತುಗಳು ಸತ್ತದ್ದರಿಂದಲೇ 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಎದುರಾಳಿಗೆ ಮೇವು ಸಿಗಬಾರದೆಂದು ಹುಲ್ಲು ಸುಡುವುದು ಮೈಸೂರು ಕುದುರೆ ದಂಡಿನ ಯುದ್ಧನೀತಿಯಾಗಿತ್ತು. ಹುಲ್ಲು ಸುಟ್ಟಾಗ ಮೊದಲು ಉಪವಾಸ ಬೀಳುವುದು ರೈತನ ದನ.

ತೋರಿಸಲು ವಸ್ತುಗಳೇ ಇಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ. ಇದು ನಿಜವಲ್ಲ. ಗಂಗರ, ನೊಳಂಬರ ಕಾಲದ ವೀರಗಲ್ಲುಗಳು ಈ ಜಿಲ್ಲೆಯ ಹೊಲಗಳ ಬದುವಿನಲ್ಲಿ, ಕೆರೆ ಏರಿಯಲ್ಲಿ ನಿಂತಿವೆ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಒಂದು ಇಡೀ ಸಂಪುಟವನ್ನು ಕೋಲಾರ ಜಿಲ್ಲೆಗೆ ಮೀಸಲಿಟ್ಟರು. ಈ ಕಲ್ಲುಗಳಲ್ಲಿ ಹೆಚ್ಚಾಗಿ ಕಾಣುವುದು ಅರಸರಲ್ಲ. ತುರು ಹಿಡಿಯಲು ಬಂದವರನ್ನು ತಡೆದು, ಊರಳಿವಿನಲ್ಲಿ, ಅಂದರೆ ಊರಿನ ಮೇಲೆ ದಾಳಿಯಾದಾಗ, ಹೋರಾಡಿ ಮಡಿದ ಊರಿನ ಗಂಡಸರು. ಸತ್ತವನ ಮನೆಯವರಿಗೆ ಬಾಳ್ಗಳ್ಚು ಎಂದು ಭೂಮಿ ಬಿಟ್ಟುಕೊಟ್ಟ ದಾಖಲೆಯೂ ಹಲವು ಶಾಸನಗಳಲ್ಲಿದೆ. ಯುದ್ಧದ ಬೆಲೆಯನ್ನು ಸಾವಿರ ವರ್ಷದ ಹಿಂದೆ ಒಂದು ಊರು ಹೇಗೆ ಲೆಕ್ಕ ಹಾಕಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಇಂಥ ಕೆಲಸಕ್ಕೆ ಮಾದರಿಯೂ ಇದೆ. ಇಟಲಿಯ ಆಲ್ಪ್ಸ್‌ನಲ್ಲಿ ಪೇಯೋ ಎಂಬ ಹಳ್ಳಿ ಮೊದಲ ಮಹಾಯುದ್ಧದ ಕುರಿತು ಪುಟ್ಟ ಮ್ಯೂಸಿಯಂ ನಡೆಸುತ್ತಿದೆ. ಅಲ್ಲಿರುವುದು ಬೆಟ್ಟದ ಮೇಲಿಂದ ಊರಿನವರು ಆರಿಸಿ ತಂದ ಸಾಮಾನು. ಇಲ್ಲಿ ಆರಿಸಿ ತರುವ ಅಗತ್ಯವೂ ಇಲ್ಲ. ಕಲ್ಲು ಇದ್ದಲ್ಲೇ ಇರಲಿ. ಅದರ ಪಡಿಯಚ್ಚು, ನಕ್ಷೆ, ಓದು ಒಂದು ಕೋಣೆಯಲ್ಲಿದ್ದರೆ ಸಾಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹೈದರ್, ಟಿಪ್ಪು ಹೆಸರು ಬಂದ ಕೂಡಲೇ ಜಗಳ ಶುರುವಾಗುತ್ತದೆ, ಊರೊಳಗೆ ಅದನ್ನು ತರುವುದೇಕೆ ಎಂಬುದು. ಈ ಭಯ ಸುಳ್ಳಲ್ಲ. ಆದರೆ ಜಗಳ ಹುಟ್ಟುವುದು ಅರಸನನ್ನು ನಡುವೆ ಕೂರಿಸಿದಾಗ. ರಾಗಿ ಹಗೇವು, ಬೆಟ್ಟದ ದೊಣೆಯ ನೀರು, ಓಡಿಹೋದ ಒಕ್ಕಲು ನಡುವೆ ಬಂದರೆ ಪ್ರಶ್ನೆಯೇ ಬೇರೆಯಾಗುತ್ತದೆ. ದಂಡು ಯಾರದ್ದಾದರೂ ಹಸಿದವನು ಅದೇ ರೈತ. ಅವನ ಜಾತಿ, ಮತ ಕೇಳಿ ಯಾವ ಕುದುರೆಯೂ ಪೈರು ಮೇಯಲಿಲ್ಲ.

ವೇಮಗಲ್ಲೇ ಏಕೆ? ಇಲ್ಲಿ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಹೊಲ ಹೋದಲ್ಲಿ ಬದುವಿನ ಕಲ್ಲೂ ಹೋಗುವ ಅಪಾಯವಿದೆ. ಜೊತೆಗೆ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಮತ್ತು ಏರ್‌ಬಸ್ ಕಂಪನಿಗಳು ಎಚ್125 ಹೆಲಿಕಾಪ್ಟರ್ ಜೋಡಣೆಗೆ ಆರಿಸಿಕೊಂಡದ್ದು ಇದೇ ಊರನ್ನು. 2005ರಲ್ಲಿ ಎವರೆಸ್ಟ್ ಶಿಖರದ ಮೇಲೆ ಇಳಿದ ಹೆಲಿಕಾಪ್ಟರ್ ಇದೇ ಬಗೆಯದು. ಇದರ ಸೇನಾ ಮಾದರಿಯೂ ಇದೆ. ಪರ್ವತಗಳ ಎತ್ತರಕ್ಕೆ ಯಂತ್ರ ಕಳಿಸುವ ಊರಿನ ಮಕ್ಕಳಿಗೆ ಯುದ್ಧ ತಮ್ಮ ಅಜ್ಜಂದಿರ ಅಂಗಳಕ್ಕೆ ಬಂದಾಗ ಏನಾಯಿತೆಂದು ತಿಳಿಯಬೇಡವೇ? ಹಣದ ದಾರಿಯೂ ಇದೆ. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಯ ಬಾಬ್ತಿನಲ್ಲಿ ಪರಂಪರೆಯ ರಕ್ಷಣೆ ಸ್ಪಷ್ಟವಾಗಿ ಸೇರಿದೆ. ವೇಮಗಲ್–ಕುರುಗಲ್ ಪಟ್ಟಣ ಪಂಚಾಯಿತಿ ಒಂದು ಹಳೆಯ ಕಟ್ಟಡ ಬಿಟ್ಟುಕೊಡಲಿ, ಕಂಪನಿಗಳು ಖರ್ಚು ವಹಿಸಲಿ, ಹೋಬಳಿಯ ಶಾಲೆಗಳು ವೀರಗಲ್ಲುಗಳ ಪಟ್ಟಿಯನ್ನು ಈ ವರ್ಷವೇ ಶುರುಮಾಡಲಿ.